ಚೌಡಯ್ಯನವರ ಪಿಟೀಲೂ ಸವೆದ ಟೇಪುಗಳೂ

ಚೌಡಯ್ಯ ಅಂದಕೂಡಲೇ ಬೆಂಗಳೂರಿನವರಿಗೆ ನೆನಪಾಗುವುದು ಪಿಟೀಲಿನ ಆಕಾರದ ಆ ದೊಡ್ಡ ಸಭಾಂಗಣ. ನಮ್ಮ ಕಡೆಯವರಿಗೆ ಅದಕ್ಕಿಂತ ಮೊದಲು ಒಂದು ಊರು ನೆನಪಾಗಬೇಕು, ತಿರುಮಕೂಡಲು. ನಂಜನಗೂಡಿನ ಹದಿನಾರು ಕಾಲು ಮಂಟಪವನ್ನು ಸವರಿಕೊಂಡು ಹರಿಯುವ ಕಪಿಲೆ ಕಾವೇರಿಯನ್ನು ಸೇರುವ ಜಾಗ, ತಿ.ನರಸೀಪುರದ ಮಗ್ಗುಲಲ್ಲೇ ಇದೆ. ಚೌಡಯ್ಯನವರು ಅಲ್ಲಿ 1895ರಲ್ಲಿ ಹುಟ್ಟಿದರು, 1967ರ ಜನವರಿಯಲ್ಲಿ ತೀರಿಕೊಂಡರು. ಅವರ ಜೀವನಚರಿತ್ರೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಬೇಕೆಂದುಕೊಂಡಿರುವುದು ಬೇರೆ ಸಂಗತಿ. ಅವರ ಪಿಟೀಲಿನ ದನಿ ನಮ್ಮ ಕಿವಿಯ ತನಕ ಹೇಗೆ ಬಂತು, ದಾರಿಯಲ್ಲಿ ಏನೇನು ಕಳೆದುಕೊಂಡಿತು, ಈಚೆಗೆ ಅದರಲ್ಲಿ ಎಷ್ಟು ವಾಪಸು ಸಿಕ್ಕಿತು ಅನ್ನುವುದು.

ಪಿಟೀಲಿಗೆ ನಾಲ್ಕೇ ತಂತಿ. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಮೈಸೂರಿನಲ್ಲಿ ಬೆಳೆದ ಚೌಡಯ್ಯನವರಿಗೆ ಈ ನಾಲ್ಕು ಸಾಲಲಿಲ್ಲ. ಆಗ ಕಛೇರಿಗಳಿಗೆ ಮೈಕು ಇರಲಿಲ್ಲ. ರಾಮೋತ್ಸವದ ಚಪ್ಪರ, ದೇವಸ್ಥಾನದ ಪ್ರಾಂಗಣ, ಮದುವೆ ಮನೆ, ಎಲ್ಲಿ ಕೂತರೂ ಹಾಡುಗಾರರ ಗಂಟಲು ಹೇಗೋ ಹಿಂದಿನ ಸಾಲಿಗೆ ಮುಟ್ಟುತ್ತಿತ್ತು, ಪಿಟೀಲು ಮುಟ್ಟುತ್ತಿರಲಿಲ್ಲ. 1920ರ ದಶಕದ ಕೊನೆಯ ಹೊತ್ತಿಗೆ ಅವರು ಇನ್ನು ಮೂರು ತಂತಿ ಜೋಡಿಸಿ ಏಳು ಮಾಡಿದರು. ವೀಣೆ ಶೇಷಣ್ಣನವರು ಅದಕ್ಕೆ ಬೆನ್ನು ತಟ್ಟಿದರು ಎಂದು ಹೇಳುತ್ತಾರೆ. ಜೋಡಿ ತಂತಿಗಳ ಮೇಲೆ ಒಂದೇ ಕಮಾನು ಆಡಿದರೆ ನಾದ ದಪ್ಪವಾಗುತ್ತದೆ, ಒಂದೇ ಸ್ವರಕ್ಕೆ ಒಂದು ನೆರಳೂ ಬಂದ ಹಾಗೆ. ಇದು ಎಲ್ಲರಿಗೂ ಹಿಡಿಸಲಿಲ್ಲ, ಅಬ್ಬರ ಜಾಸ್ತಿ ಅಂದವರೂ ಇದ್ದರು. ಆದರೆ ಚೆಂಬೈ ವೈದ್ಯನಾಥ ಭಾಗವತರ ಕಂಚಿನ ಕಂಠಕ್ಕೆ ಪಕ್ಕದಲ್ಲಿ ಕೂತು ಸರಿಸಮ ನಿಲ್ಲಬೇಕಾದರೆ ಈ ದಪ್ಪ ನಾದ ಬೇಕಿತ್ತು ಅಂತ ನನ್ನ ಎಣಿಕೆ.

ತಮಾಷೆ ನೋಡಿ, ಮೈಕು ಇಲ್ಲದ್ದಕ್ಕೆ ಹುಟ್ಟಿದ ವಾದ್ಯ ಇದು. ಅದರ ದನಿ ಇವತ್ತಿಗೆ ಉಳಿದಿರುವುದು ಮಾತ್ರ ಮೈಕಿನಿಂದ :-)

ಗ್ರಾಮಫೋನು ತಟ್ಟೆಗಳಿದ್ದವಲ್ಲ ಅಂತ ಕೇಳಬಹುದು. ಇದ್ದವು. ಆದರೆ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು, ಮೂರೂವರೆ ನಿಮಿಷ. ಅಷ್ಟರಲ್ಲಿ ಒಂದು ಕೀರ್ತನೆಯನ್ನು ಓಡಿಸಿ ಮುಗಿಸಬೇಕು. ರಾಗಾಲಾಪನೆಯಲ್ಲಿ ಹಾಡುಗಾರರ ಬೆನ್ನು ಹಿಡಿದು ಹೋಗುವುದು, ಸ್ವರಪ್ರಸ್ತಾರದಲ್ಲಿ ಉತ್ತರ ಕೊಡುವುದು, ಪಕ್ಕವಾದ್ಯದ ಬುದ್ಧಿವಂತಿಕೆ ಎಲ್ಲ ಇರುವುದೇ ಅಲ್ಲಿ. ತಟ್ಟೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ರೇಡಿಯೋ ಇತ್ತು. ಮೈಸೂರಿನಲ್ಲೇ ಪ್ರೊ. ಎಂ.ವಿ.ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ ಪ್ರಸಾರ ಶುರು ಮಾಡಿದ್ದರು, ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದ ಬಂದದ್ದು ಅಂತ ಮೈಸೂರಿನವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಅಂದು ಪ್ರಸಾರವಾದದ್ದು ಗಾಳಿಯಲ್ಲೇ ಹೋಯಿತು. ಆಮೇಲಿನ ದಿನಗಳಲ್ಲಿ ಧ್ವನಿಮುದ್ರಣ ಬಂದಾಗಲೂ ಟೇಪು ದುಬಾರಿ, ಒಂದನ್ನು ಅಳಿಸಿ ಅದರ ಮೇಲೆ ಇನ್ನೊಂದು ಹಾಕುವುದು ಮಾಮೂಲು.

ಹಾಗಾಗಿ ಚೌಡಯ್ಯನವರ ಪೂರ್ತಿ ಕಛೇರಿ ಕೇಳಬೇಕಾದರೆ ನಮಗೆ ದಾರಿ ಬಹುಮಟ್ಟಿಗೆ ಒಂದೇ. ಯಾರೋ ರಸಿಕರು, ಯಾರ ಅಪ್ಪಣೆಯೂ ಇಲ್ಲದೆಯೋ ಅರ್ಧಂಬರ್ಧ ಅಪ್ಪಣೆ ಪಡೆದೋ ಹಿಡಿದಿಟ್ಟ ಸ್ಪೂಲುಗಳು. ಬೆಂಗಳೂರಿನಲ್ಲಿ 1939ರಿಂದ ನಡೆದು ಬಂದಿರುವ ರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳು, 1962ರಲ್ಲಿ ಶುರುವಾದ ಮೈಸೂರು ವಿ.ವಿ.ಮೊಹಲ್ಲದ ಎಂಟನೇ ಕ್ರಾಸಿನ ಗಣೇಶೋತ್ಸವ, ಮದರಾಸಿನ ಸಭೆಗಳು, ಇಂಥ ಕಡೆಗೆಲ್ಲ ರೆಕಾರ್ಡರು ಹೊತ್ತು ಹೋಗುವ ಒಂದು ಜಾತಿಯ ರಸಿಕರಿದ್ದರು. ಗ್ರುಂಡಿಗ್, ಫಿಲಿಪ್ಸ್ ಪೆಟ್ಟಿಗೆಗಳು. ಹೊರಲಾರದಷ್ಟು ಭಾರ. ಕೆಲವು ವಿದ್ವಾಂಸರಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಅವರ ಸಿಟ್ಟಿನಲ್ಲೂ ನ್ಯಾಯ ಇದೆ, ಹಾಡಿದ್ದಕ್ಕೆ ಒಂದು ಸಲ ಸಂಭಾವನೆ, ಟೇಪು ಸುತ್ತುವುದು ನೂರು ಸಲ. ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಕಾನೂನಿನ ಹಕ್ಕು ನಮ್ಮಲ್ಲಿ ಬಂದದ್ದು ಕೃತಿಸ್ವಾಮ್ಯ ಕಾಯ್ದೆಯ 1994ರ ತಿದ್ದುಪಡಿಯಲ್ಲಿ, ಚೌಡಯ್ಯನವರು ಹೋಗಿ ಎಷ್ಟೋ ವರ್ಷದ ಮೇಲೆ.

ಇನ್ನು ಟೇಪಿನ ಲೆಕ್ಕಾಚಾರಕ್ಕೆ ಬರೋಣ, ಗುಣಮಟ್ಟದ ಕಥೆಯೆಲ್ಲ ಇರುವುದು ಇಲ್ಲಿ. 1200 ಅಡಿಯ ಒಂದು ಸ್ಪೂಲನ್ನು ಸೆಕೆಂಡಿಗೆ 7½ ಇಂಚಿನ ವೇಗದಲ್ಲಿ ಓಡಿಸಿದರೆ ಒಂದು ಮಗ್ಗುಲಿಗೆ 32 ನಿಮಿಷ. 3¾ ಇಂಚಿಗೆ ಇಳಿಸಿದರೆ 64 ನಿಮಿಷ. ಕಛೇರಿಯೋ ಮೂರೂವರೆ ಗಂಟೆ. ಜೇಬಿನ ದುಡ್ಡು ನೋಡಿಕೊಂಡ ರಸಿಕರು ನಿಧಾನದ ವೇಗವನ್ನೇ ಆರಿಸಿದರು. ವೇಗ ಇಳಿದಷ್ಟೂ ತಂತಿಯ ಮಿನುಗು ಮಾಯವಾಗುತ್ತದೆ, ಟೇಪಿನ ಸುಯ್ ಸದ್ದು ಮುಂದೆ ಬರುತ್ತದೆ. ಅದರಿಂದ ಸ್ನೇಹಿತರಿಗೊಂದು ಪ್ರತಿ, ಅವರಿಂದ ಅವರ ಭಾವನಿಗೆ ಇನ್ನೊಂದು, 1980ರ ಹೊತ್ತಿಗೆ ಕ್ಯಾಸೆಟ್ಟು ಅಗ್ಗವಾದ ಮೇಲಂತೂ ಪ್ರತಿಯ ಪ್ರತಿಯ ಪ್ರತಿ. ಟೇಪುಗಳ ಗುಣ ಒಂದೇ ಅಂದುಕೊಂಡರೆ ಮೊದಲನೆಯ ಪ್ರತಿಯಲ್ಲೇ ಗದ್ದಲದ ಶಕ್ತಿ ಎರಡು ಪಟ್ಟು, ಅಂದರೆ ಮೂರು ಡೆಸಿಬೆಲ್ ಜಾಸ್ತಿ. ಐದು ಕೈ ದಾಟಿದ ಕ್ಯಾಸೆಟ್ಟಿನಲ್ಲಿ ಚೌಡಯ್ಯನವರು ಮಳೆಯಲ್ಲಿ ಕೂತು ನುಡಿಸಿದ ಹಾಗೆ ಕೇಳಿಸುತ್ತಾರೆ.

ಶ್ರುತಿಯ ಪಾಡು ಇನ್ನೂ ಕಷ್ಟ. ವೇಗ ನೂರಕ್ಕೆ ಆರರಷ್ಟು ಹೆಚ್ಚಾದರೆ ಒಂದು ಮನೆ ಶ್ರುತಿ ಒಂದೂವರೆ ಮನೆ ಆಗಿಬಿಡುತ್ತದೆ. ಬ್ಯಾಟರಿಯ ಮೇಲೆ ಹಿಡಿದ ಟೇಪಿನಲ್ಲಿ ಇನ್ನೊಂದು ಚಮತ್ಕಾರ ಉಂಟು. ಬ್ಯಾಟರಿ ಇಳಿದಂತೆ ರೆಕಾರ್ಡರು ನಿಧಾನವಾಗುತ್ತದೆ, ಅದನ್ನು ಸರಿಯಾದ ವೇಗದಲ್ಲಿ ಹಾಕಿದಾಗ ಮಂಗಳದ ಹೊತ್ತಿಗೆ ಹಾಡುಗಾರರ ಶ್ರುತಿಯೇ ಏರಿರುತ್ತದೆ!

ರಾಕ್ ಸಂಗೀತದವರ ಕಥೆಯೂ ಇದೇ. ಲಾಸ್ ಏಂಜಲೀಸಿನಲ್ಲಿ ಮೈಕ್ ಮಿಲ್ಲಾರ್ಡ್ ಎಂಬಾತ 1970ರ ದಶಕದಲ್ಲಿ ಗಾಲಿಕುರ್ಚಿಯಲ್ಲಿ ಕೂತವನಂತೆ ನಟಿಸಿ, ಕುರ್ಚಿಯಲ್ಲಿ ನಾಕಮಿಚಿ ರೆಕಾರ್ಡರು ಬಚ್ಚಿಟ್ಟುಕೊಂಡು ಲೆಡ್ ಜೆಪ್ಪೆಲಿನ್ ಕಛೇರಿಗಳಿಗೆ ಹೋಗುತ್ತಿದ್ದ. (ನಮ್ಮ ರಸಿಕರು ಇಷ್ಟು ದೂರ ಹೋಗಲಿಲ್ಲ, ಕಾರ್ಯದರ್ಶಿಗೆ ನಮಸ್ಕಾರ ಹೊಡೆದರೆ ಸಾಕಿತ್ತು.) 1977ರ ಜೂನಿನಲ್ಲಿ ಅವನು ಹಿಡಿದ ಟೇಪು ಆ ವಾದ್ಯವೃಂದದ ಅಭಿಮಾನಿಗಳಿಗೆ ವೇದ ಇದ್ದ ಹಾಗೆ. ದಶಕಗಟ್ಟಲೆ ಅವರು ಕೇಳಿದ್ದು ಪ್ರತಿಗಳ ಪ್ರತಿಯನ್ನು. ಮಿಲ್ಲಾರ್ಡ್ 1994ರಲ್ಲಿ ತೀರಿಕೊಂಡ. ಬಹಳ ವರ್ಷಗಳ ಮೇಲೆ ಅವನ ಮೂಲ ಟೇಪುಗಳು ಸಿಕ್ಕಿ, ಬಲ್ಲವರು ಅವನ್ನು ಹೊಸದಾಗಿ ಡಿಜಿಟಲ್‌ಗೆ ಇಳಿಸಿದಾಗ ಜನ ಬೆರಗಾದರು. ಗ್ರೇಟ್‌ಫುಲ್ ಡೆಡ್ ತಂಡದವರು 1984ರಲ್ಲಿ ರೆಕಾರ್ಡರು ತರುವವರಿಗೆಂದೇ ಪ್ರತ್ಯೇಕ ಜಾಗ ಬಿಟ್ಟುಕೊಟ್ಟರು. ಅಷ್ಟು ಧೈರ್ಯ ನಮ್ಮ ಸಭೆಗಳಿಗೆ ಇದ್ದಿದ್ದರೆ ಅಂತ ಅನ್ನಿಸುತ್ತದೆ.

ಗಮನಿಸಬೇಕಾದದ್ದು ಏನೆಂದರೆ, ಅಲ್ಲಿ ಗುಣಮಟ್ಟ ಏರಿದ್ದು ಸಾಫ್ಟ್‌ವೇರಿನ ಮಂತ್ರದಿಂದಲ್ಲ. ಮೂಲದ ಹತ್ತಿರ ಹೋದದ್ದರಿಂದ. ನಮ್ಮಲ್ಲಿ ಬಹಳ ಜನ ಮಾಡಿದ್ದು ಇದರ ತಿರುವುಮುರುವು. ಸಿಕ್ಕಿದ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಿ ‘ಕ್ಲೀನ್’ ಮಾಡುವುದು. ಗದ್ದಲ ತೆಗೆಯುವ ಸಾಫ್ಟ್‌ವೇರು ಹೇಗೆ ಕೆಲಸ ಮಾಡುತ್ತದೆ? ಹಾಡಿಲ್ಲದ ಒಂದು ಕ್ಷಣವನ್ನು ತೋರಿಸಿದರೆ, ಅದರಲ್ಲಿ ಎಡೆಬಿಡದೆ ಒಂದೇ ಸಮ ಇರುವ ಸದ್ದನ್ನೆಲ್ಲ ಗದ್ದಲ ಅಂತ ತಿಳಿದು ಇಡೀ ಟೇಪಿನಿಂದ ಕಳೆಯುತ್ತದೆ. ಈಗ ಹೇಳಿ, ಕರ್ನಾಟಕ ಸಂಗೀತ ಕಛೇರಿಯಲ್ಲಿ ಎಡೆಬಿಡದೆ ಒಂದೇ ಸಮ ಇರುವ ಸದ್ದು ಯಾವುದು?

ತಂಬೂರಿ!

ಪಾಪ, ಮೊದಲು ಹೋಗುವುದು ಅದು. ಅದರ ಜೊತೆಗೆ ಕಮಾನಿನ ಉಸಿರು, ಜೋಡಿ ತಂತಿಯ ಆ ನೆರಳು. ಉಳಿದದ್ದು ನೀರಿನೊಳಗಿಂದ ಬಂದ ಬುಳುಬುಳು. ಆಮೇಲೆ ಅದನ್ನು 64 ಕೆಬಿಪಿಎಸ್ ಎಂಪಿ3 ಮಾಡಿ ಹಂಚಿದರು, ಡಯಲಪ್ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ ಅನ್ನಿ. ಇದನ್ನು ಕೇಳಿದ ಇವತ್ತಿನ ಹುಡುಗರು ‘ಏಳು ತಂತಿಯ ಪಿಟೀಲು ಅಂತಾರೆ, ಏನೂ ವ್ಯತ್ಯಾಸ ಕಾಣಲ್ಲವಲ್ಲ’ ಅಂದರೆ ತಪ್ಪು ಅವರದ್ದಲ್ಲ. ಮನುಷ್ಯ ತನ್ನ ದನಿ ಹಿಂದಿನ ಸಾಲಿಗೆ ಮುಟ್ಟಲಿ ಅಂತ ಜೀವಮಾನ ತೇದದ್ದನ್ನು ನಾವು ಒಂದು ಗುಂಡಿ ಒತ್ತಿ ತೆಗೆದುಬಿಟ್ಟೆವಲ್ಲ ಅಂತ ನನಗೆ ಸಂಕಟ.

ಕೆಲವು ವರ್ಷಗಳ ಹಿಂದೆ ನಂಜನಗೂಡಿನಲ್ಲಿ ಪರಿಚಯದ ಹಿರಿಯರೊಬ್ಬರ ಮನೆಯ ಅಟ್ಟದಿಂದ ನಾಲ್ಕು ಸ್ಪೂಲು ಇಳಿದವು (ಹೆಸರು ಬೇಡ ಅಂದಿದ್ದಾರೆ). ಒಂದರ ಡಬ್ಬದ ಮೇಲೆ ಪೆನ್ಸಿಲಿನಲ್ಲಿ ‘ಚೆಂಬೈ - ಚೌಡಯ್ಯ’ ಅಂತಷ್ಟೇ ಇತ್ತು. ಊರಿಲ್ಲ, ತಾರೀಖಿಲ್ಲ. “ಬೂಷ್ಟು ಹಿಡಿದಿದೆ ಕಣಪ್ಪ, ಬಿಸಾಕೋಣ ಅಂತಿದ್ದೆ” ಅಂದರು. ನೋಡಿ, ನದಿ ಪಕ್ಕದ ಊರು, ತೇವಕ್ಕೆ ಟೇಪು ಎಷ್ಟು ದಿನ ತಡೆದೀತು. ಬೂಷ್ಟು ಒರೆಸಿ, ಬೆಂಗಳೂರಿನ ಸ್ನೇಹಿತನ ಹತ್ತಿರ ದುರಸ್ತಿಯಾಗಿದ್ದ ಯಂತ್ರದಲ್ಲಿ ಹಾಕಿದೆವು. ಮೊದಲ ಐದು ನಿಮಿಷಕ್ಕೇ ಗೊತ್ತಾಯಿತು, ಇದು ನಮ್ಮೆಲ್ಲರ ಹತ್ತಿರ ಈಗಾಗಲೇ ಇದ್ದ ಕಛೇರಿ. ಆದರೆ ನಮ್ಮದಕ್ಕಿಂತ ಎಷ್ಟೋ ತಲೆಮಾರು ಹಿಂದಿನ ಪ್ರತಿ.

ನಾವು ಮಾಡಿದ ಕೆಲಸ ತೀರಾ ಸ್ವಲ್ಪ. ಯಂತ್ರದ ಹೆಡ್ಡಿನ ಓರೆಯನ್ನು ಈ ಟೇಪಿಗೆ ತಕ್ಕ ಹಾಗೆ ಸ್ಕ್ರೂಡ್ರೈವರಿನಿಂದ ತಿದ್ದಿದ್ದು. ಅಷ್ಟಕ್ಕೇ ಮುಸುಕು ಸರಿದ ಹಾಗಾಯಿತು, ಮೃದಂಗದ ಬಲಗೈ ಟಣ್ ಅಂತು. ಆಮೇಲೆ ವೇಗ. ಟೇಪಿನಲ್ಲಿ ಕರೆಂಟಿನ ಗುಂಯ್ ಸದ್ದು ಸೇರಿಕೊಂಡಿತ್ತು. ನಮ್ಮ ಕರೆಂಟು 50 ಹರ್ಟ್ಸ್, ಆ ಸದ್ದು ಎಷ್ಟರಲ್ಲಿ ಕೂತಿದೆ ಅಂತ ಅಳೆದರೆ ಟೇಪು ಎಷ್ಟು ಓಡುತ್ತಿದೆ ಎಂಬುದು ಸುಮಾರಾಗಿ ಸಿಕ್ಕಿಬಿಡುತ್ತದೆ (ಆಗಿನ ಕರೆಂಟೇ 50ರಲ್ಲಿ ನಿಂತಿರುತ್ತಿತ್ತು ಅಂತ ಆಣೆ ಮಾಡಲಾಗದು, ಅದಕ್ಕೇ ಸುಮಾರಾಗಿ ಅಂದೆ). ರಸಿಕರು ಎಷ್ಟೋ ವರ್ಷದಿಂದ ಶಾಪ ಹಾಕುತ್ತಿದ್ದ ಆ ಗುಂಯ್ ಸದ್ದೇ ಇಲ್ಲಿ ಸಾಕ್ಷಿ ಹೇಳಿತು. ನಮ್ಮ ಹಳೆಯ ಪ್ರತಿ ಹತ್ತಿರ ಹತ್ತಿರ ಅರ್ಧ ಮನೆ ಏರಿ ಓಡುತ್ತಿತ್ತು. ಅಷ್ಟು ದಿನ ಚೌಡಯ್ಯನವರ ಕೈ ಎಂಥ ದುಡುಕು ಅಂದುಕೊಂಡಿದ್ದವರಿಗೆ ಉತ್ತರ ಸಿಕ್ಕಿತು, ದುಡುಕು ಅವರದ್ದಲ್ಲ, ಮೋಟಾರಿನದ್ದು.

ಗದ್ದಲ ತೆಗೆಯಲಿಲ್ಲ. ಸುಯ್ ಸದ್ದು ಇದೆ, ಕೆಮ್ಮು ಇದೆ, ಯಾರೋ ‘ಭಲೇ’ ಅನ್ನುವುದಿದೆ. ಅದರ ಹಿಂದೆ ತಂಬೂರಿ ಇದೆ. ಚೆಂಬೈ ಆಲಾಪನೆ ನಿಲ್ಲಿಸಿ ಪಿಟೀಲಿಗೆ ಬಿಟ್ಟುಕೊಟ್ಟಾಗ ಕಮಾನು ಜೋಡಿ ತಂತಿಯ ಮೇಲೆ ಬೀಳುವುದು, ಒಂದು ಸ್ವರ ಎರಡಾಗಿ ಸೀಳಿ ಮತ್ತೆ ಸೇರುವುದು, ಸಾಧಾರಣ ಹೆಡ್‌ಫೋನಿನಲ್ಲೂ ಕೇಳುತ್ತದೆ. ಮೈಕು ಇದ್ದದ್ದು ಹಾಡುಗಾರರ ಮುಂದೆ, ಹೀಗೆ ಹಿಡಿದ ಬೇರೆ ಟೇಪುಗಳಲ್ಲಿ ಪಿಟೀಲು ಪಕ್ಕದ ಕೋಣೆಯಲ್ಲಿ ಇದ್ದಂತಿರುತ್ತದೆ. ಇದರಲ್ಲಿ ಹಾಗಿಲ್ಲ.

ಈಚೆಗೆ ಕೃತಕ ಬುದ್ಧಿಮತ್ತೆಯಿಂದ ಕಂಠ ಬೇರೆ ವಾದ್ಯ ಬೇರೆ ಮಾಡುವ ವಿದ್ಯೆ ಬಂದಿದೆ. 2023ರಲ್ಲಿ ಬೀಟಲ್ಸ್ ತಂಡದ ಕೊನೆಯ ಹಾಡು ಬಂದದ್ದು ಹಾಗೇ, ಜಾನ್ ಲೆನನ್ ಮನೆಯಲ್ಲಿ ಹಿಡಿದ ಹಳೇ ಕ್ಯಾಸೆಟ್ಟಿನಿಂದ ಅವನ ದನಿಯನ್ನು ಬಿಡಿಸಿ ತೆಗೆದರು. ನಮ್ಮ ಸ್ಪೂಲಿಗೂ ಅದನ್ನು ಹಾಕಿ ನೋಡಿದೆವು. ಪಿಟೀಲು ಗಮಕಕ್ಕೆ ಗಮಕ ಕೂಡಿಸಿಕೊಂಡು ಕಂಠದ ಹಿಂದೆಯೇ ಹೋಗುತ್ತದಲ್ಲ, ಅಲ್ಲಿ ಯಂತ್ರ ತಬ್ಬಿಬ್ಬಾಗಿ ಚೌಡಯ್ಯನವರ ಅರ್ಧವನ್ನು ಚೆಂಬೈ ಲೆಕ್ಕಕ್ಕೆ ಬರೆಯಿತು. ಮುಂದೆ ಸುಧಾರಿಸಬಹುದು, ಅದಕ್ಕೂ ಮೂಲ ಟೇಪು ಬೇಕು.

ಮೈಸೂರು, ನಂಜನಗೂಡು, ನರಸೀಪುರದ ಅಟ್ಟಗಳಲ್ಲಿ ಇನ್ನೂ ಇಂಥವು ಇರಬೇಕು. ಸಿಕ್ಕಿದರೆ ದಯವಿಟ್ಟು ಹಳೇ ಯಂತ್ರಕ್ಕೆ ಹಾಕಿ ‘ಒಂದು ಸಲ ನೋಡೋಣ’ ಅಂತ ಓಡಿಸಬೇಡಿ, ಒಣಗಿದ ಟೇಪು ಪಟ್ ಅಂತ ತುಂಡಾಗುತ್ತದೆ. ಡಬ್ಬದ ಮೇಲಿನ ಬರಹದ ಫೋಟೋ ತೆಗೆಯಿರಿ, ಸ್ಪೂಲನ್ನು ನೆಟ್ಟಗೆ ನಿಲ್ಲಿಸಿ ಒಣ ಜಾಗದಲ್ಲಿಡಿ, ಬಲ್ಲವರಿಗೆ ತೋರಿಸಿ. ನಾಲ್ಕರಲ್ಲಿ ಮೂರು ನಮ್ಮ ಕೈಗೆ ದಕ್ಕಿದವು. ನಾಲ್ಕನೆಯದು ಸುರುಳಿ ಸುರುಳಿ ಅಂಟಿಕೊಂಡು ಒಂದೇ ಮುದ್ದೆಯಾಗಿದೆ, ಅದರ ಡಬ್ಬದ ಮೇಲೆ ಏನೂ ಬರೆದಿಲ್ಲ.