ಹಿಮದ ಗಡಿಯಲ್ಲಿ ಮೊಳೆತ ಗಿಡ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ಕನ್ನಡ ಪಾಠ ಹೇಳುವ ನಾನು ಮನುಷ್ಯರಿಗೆ ಅನ್ವಯಿಸಿ ಎಷ್ಟೋ ಸಲ ವಿವರಿಸಿದ್ದೇನೆ. ಅದರ ಅಕ್ಷರಾರ್ಥದ ತೂಕ ನನಗೆ ಮನವರಿಕೆಯಾದದ್ದು ಸ್ವಿಟ್ಸರ್ಲೆಂಡಿನ ಬೆಟ್ಟಗಾಡುಗಳ ಇತಿಹಾಸವನ್ನು ಓದಿದಾಗ.

ಆಲ್ಪ್ಸ್ ಪರ್ವತವನ್ನು ಏರುತ್ತ ಹೋದಂತೆ ಸೂಜಿಯೆಲೆಯ ಮರಗಳ ಕಾಡು ವಿರಳವಾಗಿ, ಮರಗಳು ಕುಳ್ಳಾಗಿ, ಸುಮಾರು 2,000 ಮೀಟರಿನಿಂದಾಚೆ ಒಂದೆಡೆ ನಿಂತೇಹೋಗುತ್ತವೆ. ಅಲ್ಲಿಂದ ಮೇಲೆ ಹುಲ್ಲು, ಬಂಡೆ, ಹಿಮ. ಬೇಸಿಗೆಯ ಬಿಸಿಲು ಸಾಲದೆ ಮರ ಬೆಳೆಯಲಾರದ ಈ ಗಡಿ ಪ್ರಕೃತಿಯೇ ಎಳೆದದ್ದು. ಆದರೆ ಹುಲ್ಲುಗಾವಲಿಗಾಗಿ ಕಾಡು ಕಡಿದ ದನಗಾಹಿಗಳು ಶತಮಾನಗಳಿಂದ ಅದನ್ನು ಎಷ್ಟೋ ಕಡೆ ನೂರಾರು ಮೀಟರು ಕೆಳಕ್ಕೆ ತಳ್ಳಿದ್ದರು. ಅದರ ಫಲವನ್ನು ಉಂಡವರು ಕಣಿವೆಯ ಜನ. ಇಳಿಜಾರಿನ ಮರಗಳು ಹಿಮವನ್ನು ತಡೆದು ಹಿಡಿಯುವ ಕೋಟೆಯಂತೆ. ಕೋಟೆ ಬಿದ್ದರೆ ಹಿಮ ರಾಶಿರಾಶಿಯಾಗಿ ಊರಿನ ಮೇಲೆಯೇ ಕುಸಿಯುತ್ತದೆ.

ಇದನ್ನು ಅವರು ಅರಿಯದೆ ಇರಲಿಲ್ಲ. ಆಂಡರ್ಮಾಟ್ ಎಂಬ ಊರಿನ ಮೇಲಣ ಕಾಡನ್ನು ಯಾರೂ ಕಡಿಯಕೂಡದೆಂದು 1397ರಲ್ಲಿಯೇ ಒಂದು ಶಾಸನಪತ್ರ ಹುಟ್ಟಿತು. ನಮ್ಮ ದೇವರಕಾಡನ್ನು ಕಾಯ್ದದ್ದು ದೇವರ ಭಯವಾದರೆ ಅಲ್ಲಿ ಕಾಯ್ದದ್ದು ಹಿಮದ ಭಯ. 1876ರಲ್ಲಿ ಸ್ವಿಸ್ ಒಕ್ಕೂಟ ಸರ್ಕಾರವೇ ಬೆಟ್ಟಸೀಮೆಯ ಅರಣ್ಯಗಳಿಗೆ ಕಾನೂನು ಮಾಡಿತು. ಆದರೂ 1951ರ ಚಳಿಗಾಲದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಆ ದೇಶದಲ್ಲಿ 98 ಮಂದಿ ಸತ್ತರು. ನಿಂತ ಮರಕ್ಕೆ ಕೊಡಲಿ ಬೀಳದಂತೆ ಕಾನೂನು ತಡೆಯಬಲ್ಲದು. ಬೋಳು ಬೆಟ್ಟದಲ್ಲಿ ಮರ ಹುಟ್ಟು ಎಂದು ಆಜ್ಞೆ ಮಾಡಬಲ್ಲುದೆ?

ಈ ಹುಟ್ಟಿನ ಗುಟ್ಟು ತಿಳಿದಿದ್ದ ಜೀವಿಯೊಂದು ಅಲ್ಲಿಯೇ ಇತ್ತು. ಕಾಗೆಯ ಬಳಗದ, ಕಂದು ಮೈಯಲ್ಲಿ ಬಿಳಿ ಚುಕ್ಕೆಗಳ ಆ ಹಕ್ಕಿಗೆ ನಟ್‌ಕ್ರ್ಯಾಕರ್ ಎಂದು ಹೆಸರು. ಅರೋಲಾ ಪೈನಿನ ಬೀಜಕ್ಕೆ ರೆಕ್ಕೆಯಿಲ್ಲ. ಗಾಳಿ ಅದನ್ನು ಒಯ್ಯದು. ಹಕ್ಕಿ ಕಾಯಿಯನ್ನು ಒಡೆದು, ಬೀಜಗಳನ್ನು ಗಂಟಲ ಚೀಲದಲ್ಲಿ ತುಂಬಿಕೊಂಡು ಹೋಗಿ, ಚಳಿಗಾಲದ ಬುತ್ತಿಗೆಂದು ಮಣ್ಣಿನಲ್ಲಿ ನಾಲ್ಕಾರರಂತೆ ಹೂಳುತ್ತದೆ. ಹೂತದ್ದರಲ್ಲಿ ಬಹುಪಾಲನ್ನು ಹಿಮದಡಿಯಿಂದಲೂ ಹುಡುಕಿ ತೆಗೆಯುತ್ತದೆ, ಉಳಿದದ್ದು ಮೊಳೆಯುತ್ತದೆ. ಕಾಡಿನಾಚೆಯ ಬಯಲಿನಲ್ಲಿ ಬಂಡೆಯ ಪಕ್ಕ, ದಿಣ್ಣೆಯ ನೆತ್ತಿಯಲ್ಲಿ ಗುಂಪುಗುಂಪಾಗಿ ಎದ್ದ ಎಳೆಯ ಪೈನುಗಳು ಹೀಗೆ ಹುಟ್ಟಿದವು. ವಿಪರ್ಯಾಸವೆಂದರೆ, ಬೀಜ ತಿಂದು ಕಾಡನ್ನು ಹಾಳುಮಾಡುವ ಪಿಡುಗೆಂದು ಜನ ಇದನ್ನೇ ಬೇಟೆಯಾಡಿದರು. ಕೊಂದವರಿಗೆ ಬಹುಮಾನವನ್ನೂ ಕೊಟ್ಟರು. ಇಪ್ಪತ್ತನೆಯ ಶತಮಾನದ ಸಂಶೋಧನೆಗಳು ಅದರ ಕಳಂಕವನ್ನು ತೊಳೆದವು. ಈಗ ಅದು ಸ್ವಿಸ್ ರಾಷ್ಟ್ರೀಯ ಉದ್ಯಾನದ ಲಾಂಛನ.

ಮನುಷ್ಯನೂ ಸುಮ್ಮನೆ ಕುಳಿತಿರಲಿಲ್ಲ. ದಾವೋಸ್ ಪಟ್ಟಣದ ಹತ್ತಿರ, ಸ್ಟಿಲ್‌ಬರ್ಗ್ ಎಂಬ ಹಿಮ ಜಾರುವ ಇಳಿಜಾರಿನಲ್ಲಿ, 1975ರಲ್ಲಿ ಅರೋಲಾ ಪೈನ್, ಬೆಟ್ಟದ ಪೈನ್, ಲಾರ್ಚ್ ಎಂಬ ಮೂರು ಜಾತಿಯ ಸುಮಾರು 92,000 ಸಸಿಗಳನ್ನು ನೆಟ್ಟರು. ದಿಣ್ಣೆಯಿರಲಿ, ಹಳ್ಳವಿರಲಿ, ಎಲ್ಲೆಡೆಯೂ ಸಮನಾದ ಅಂತರ. ಯಾವುದು ಎಲ್ಲಿ ಬದುಕುತ್ತದೆ ಎಂದು ನೋಡುವುದೇ ಪರೀಕ್ಷೆಯ ಉದ್ದೇಶ. ಮೂವತ್ತು ವರ್ಷಗಳಲ್ಲಿ ಪೈನುಗಳಲ್ಲಿ ಬಹುಪಾಲು ಸತ್ತವು. ಲಾರ್ಚ್ ಬಹುಮಟ್ಟಿಗೆ ಉಳಿಯಿತು.

ಕಾರಣ ಕೇಳಿದರೆ ಆಶ್ಚರ್ಯವಾಗುತ್ತದೆ. ಎಳೆಯ ಗಿಡಕ್ಕೆ ಹಿಮ ಕಂಬಳಿಯೂ ಹೌದು, ಸಮಾಧಿಯೂ ಹೌದು. ಹೊದಿಕೆಯಾಗಿ ಚಳಿಗಾಳಿಯಿಂದ ಕಾಪಾಡುವ ಹಿಮವೇ ತಗ್ಗಿನಲ್ಲಿ ಬೇಸಿಗೆಯವರೆಗೂ ಕರಗದೆ ಕುಳಿತರೆ, ಅದರಡಿ ಬೂಷ್ಟು ರೋಗ ಹಬ್ಬಿ ಪೈನಿನ ಹಸಿರೆಲೆಗಳನ್ನು ಕೊಲ್ಲುತ್ತದೆ. ಲಾರ್ಚ್ ಮಾಗಿಯಲ್ಲಿ ಎಲೆ ಉದುರಿಸಿ ನಿಲ್ಲುವುದರಿಂದ ಈ ರೋಗಕ್ಕೆ ಸಿಕ್ಕುವುದು ಕಡಿಮೆ. ಹಿಮ ಬೇಗ ಕರಗುವ ದಿಣ್ಣೆಯ ಮೇಲೆ ಪೈನು ಬದುಕುತ್ತದೆ. ಅಲ್ಲಿಂದ ನಾಲ್ಕು ಹೆಜ್ಜೆ ಕೆಳಗಿನ ಹಳ್ಳದಲ್ಲಿ ಅದೇ ಪೈನು ಸಾಯುತ್ತದೆ. ಗಿಡದ ಹಣೆಬರಹ ಬರೆಯುವುದು ಬೆಟ್ಟವಲ್ಲ, ಬೊಗಸೆಯಗಲದ ನೆಲ. ಹೀಗಾಗಿ, ಬಯಲೆಲ್ಲ ಸಾಲುನೆಡದೆ ಒಳ್ಳೆಯ ತಾಣವನ್ನು ಆರಿಸಿ ಗುಂಪಾಗಿ ನೆಡಬೇಕೆಂದು ಅರಣ್ಯಶಾಸ್ತ್ರಜ್ಞರು ಹೇಳತೊಡಗಿದರು. ಗುಂಪಾಗಿ ನೆಡುವುದನ್ನು ಹಕ್ಕಿ ಎಂದಿನಿಂದಲೂ ಮಾಡುತ್ತಿತ್ತು!

ಲೋಕದ ಉಷ್ಣತೆ ಏರುತ್ತಿರುವ ಈ ಕಾಲದಲ್ಲಿ, ದನ ಮೇಯುವುದು ನಿಂತ ಎಷ್ಟೋ ಹುಲ್ಲುಗಾವಲುಗಳಿಗೆ ಆಲ್ಪ್ಸಿನ ಕಾಡು ಮತ್ತೆ ಏರುತ್ತಿದೆ. ಆ ಏರುವಿಕೆಗೂ ನಿಯಮ ಅದೇ: ಒಂದೊಂದು ಸಸಿಯೂ ತನ್ನ ಬೊಗಸೆ ನೆಲವನ್ನು ಕಂಡುಕೊಳ್ಳಬೇಕು, ಆಮೇಲೆ ಹತ್ತಾರು ವರ್ಷ ಹಿಮದೊಡನೆ ಸೆಣಸಿ, ಅದರ ಮೇಲಕ್ಕೆ ತಲೆಯೆತ್ತಬೇಕು. ಮರ ನೆಟ್ಟ ಲೆಕ್ಕವನ್ನು ಸಾವಿರ ಲಕ್ಷಗಳಲ್ಲಿ ಒಪ್ಪಿಸುವುದು ಇಂದು ಎಲ್ಲೆಡೆಯೂ ರೂಢಿ. ಮೂವತ್ತು ವರ್ಷದ ಮೇಲೆ ಉಳಿದವೆಷ್ಟು, ಎಲ್ಲಿ, ಏಕೆ ಎಂದು ಎಣಿಸಿ ನೋಡುವ ತಾಳ್ಮೆ ಬೇರೆಯೇ ಬಗೆಯದು. ಸಿರಿ ಮೊಳಕೆಯಲ್ಲಿದೆ, ನಿಜ. ಮೊಳಕೆಯ ಸಿರಿ ಅದು ಬಿದ್ದ ನೆಲದಲ್ಲಿದೆ.