ಅರಿಯದೆ ನುಂಗಿದ ಮಾತ್ರೆ: ಕ್ರೀಡಾ ನ್ಯಾಯದಲ್ಲಿ ಉದ್ದೇಶದ ಸ್ಥಾನ

ದಂಡನೆಗೆ ಮೊದಲು ಮನಸ್ಸಿನ ದೋಷ ಸಾಬೀತಾಗಬೇಕೆಂಬುದು ಅಪರಾಧ ಕಾನೂನಿನ ಹಳೆಯ ನಿಯಮ. ಈ ನಿಯಮಕ್ಕೆ ಅಪವಾದಗಳೂ ಉಂಟು. ಅವುಗಳಲ್ಲೊಂದು ದಿನಸಿ ವ್ಯಾಪಾರ ಮಾಡಿದ ಮನೆತನಗಳಿಗೆ ಚೆನ್ನಾಗಿ ಪರಿಚಿತವಾದುದು. 1954ರ ಆಹಾರ ಕಲಬೆರಕೆ ತಡೆ ಕಾಯಿದೆಯ 19ನೆಯ ಕಲಮಿನಂತೆ, ಮಾರಿದ ಪದಾರ್ಥದಲ್ಲಿ ಕಲಬೆರಕೆಯಿರುವುದು ತನಗೆ ತಿಳಿದಿರಲಿಲ್ಲವೆಂದು ಅಂಗಡಿಕಾರನು ಹೇಳಿದರೆ ಅಷ್ಟರಿಂದಲೇ ಅವನು ಪಾರಾಗುವಂತಿರಲಿಲ್ಲ. ಆದರೆ ಅದೇ ಕಲಮು ಅವನಿಗೆ ಒಂದು ಬಾಗಿಲನ್ನೂ ತೆರೆದಿಟ್ಟಿತ್ತು. ಪರವಾನಗಿಯುಳ್ಳ ತಯಾರಕನಿಂದ ಅಥವಾ ಸಗಟು ವ್ಯಾಪಾರಿಯಿಂದ ಲಿಖಿತ ವಾರಂಟಿಯೊಡನೆ ಸರಕನ್ನು ಕೊಂಡು, ಕೊಂಡ ಸ್ಥಿತಿಯಲ್ಲಿಯೇ ಸರಿಯಾಗಿ ಕಾಪಾಡಿ ಮಾರಿದುದನ್ನು ತೋರಿಸಿದರೆ ಅವನು ಬಿಡುಗಡೆ ಹೊಂದುತ್ತಿದ್ದನು. ಬಿಲ್ಲಿನ ಅಡಿಯಲ್ಲಿ ಸಣ್ಣಕ್ಷರಗಳಲ್ಲಿ ಅಚ್ಚಾಗಿರುತ್ತಿದ್ದ ಆ ವಾರಂಟಿ ಎಷ್ಟೋ ಅಂಗಡಿಗಳ ಮಾನವನ್ನು ಉಳಿಸಿದೆ. ಆ ಕಾಯಿದೆಯ ಸ್ಥಾನದಲ್ಲಿ ಬಂದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯೂ ತಕ್ಕ ಎಚ್ಚರಿಕೆ ವಹಿಸಿದವನ ಮಾತಿಗೆ ಬೆಲೆ ಕೊಡುತ್ತದೆ.

ಕ್ರೀಡಾಪಟುವಿಗೆ ಇಂಥ ಬಾಗಿಲು ಬಹುಕಾಲ ಇರಲೇ ಇಲ್ಲ. ಅವನ ದೇಹದಲ್ಲಿ ನಿಷಿದ್ಧ ವಸ್ತು ಕಂಡುಬಂದಿತೇ ಎಂಬುದೊಂದೇ ಪ್ರಶ್ನೆ. ಯಾರು ಕೊಟ್ಟರು, ಏಕೆ ಕೊಟ್ಟರು, ತಿಳಿದು ಸೇವಿಸಿದನೇ, ತಿಳಿಯದೆಯೇ ಎಂಬವು ಗೌಣ. ಕಟ್ಟುನಿಟ್ಟಿನ ಹೊಣೆ ಎಂದು ಕರೆಯಲಾಗುವ ಈ ತತ್ತ್ವ ಹೇಗೆ ಬೆಳೆಯಿತು, ಯಾರನ್ನು ಹಿಡಿಯಿತು, ಯಾರನ್ನು ಬಿಟ್ಟಿತು ಎಂಬುದು ಕ್ರೀಡೆಯಲ್ಲಿ ಆಸಕ್ತಿಯಿಲ್ಲದವರೂ ಯೋಚಿಸತಕ್ಕ ವಿಷಯ.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಡೆನ್ಮಾರ್ಕಿನ ಸೈಕಲ್ ಸವಾರ ಕ್ನುಡ್ ಎನೆಮಾರ್ಕ್ ಯೆನ್ಸನ್ ಸ್ಪರ್ಧೆಯ ನಡುವೆ ಕುಸಿದು ಮೃತನಾದನು. 1967ರ ಜುಲೈನಲ್ಲಿ ಫ್ರಾನ್ಸ್ ಪ್ರವಾಸದ ಸ್ಪರ್ಧೆಯಲ್ಲಿ ಇಂಗ್ಲೆಂಡಿನ ಟಾಮ್ ಸಿಂಪ್ಸನ್ ಮೋಂ ವಾಂತು ಪರ್ವತದ ಏರಿನಲ್ಲಿ ಪ್ರಾಣಬಿಟ್ಟನು. ಅವನ ದೇಹದಲ್ಲಿ ಆಂಫೆಟಮೈನ್ ದೊರೆಯಿತು. ಅದೇ ವರ್ಷ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ವೈದ್ಯಕೀಯ ಆಯೋಗವನ್ನು ಕ್ರಿಯಾಶೀಲಗೊಳಿಸಿತು. 1968ರಲ್ಲಿ ಪರೀಕ್ಷೆಗಳು ಆರಂಭವಾದವು. ಮೊದಲು ಸಿಕ್ಕಿಬಿದ್ದವನು ಸ್ವೀಡನ್ನಿನ ಹಾನ್ಸ್ ಗುನ್ನಾರ್ ಲಿಲ್ಯೆನ್ವಾಲ್. ಮೆಕ್ಸಿಕೊದಲ್ಲಿ ಪಿಸ್ತೂಲು ಗುರಿಯ ಸ್ಪರ್ಧೆಗೆ ಮುನ್ನ ಅವನು ಕುಡಿದುದು ಬಿಯರ್. ಅವನೊಬ್ಬನ ಕಾರಣದಿಂದ ಇಡೀ ತಂಡ ಕಂಚಿನ ಪದಕವನ್ನು ಹಿಂದಿರುಗಿಸಬೇಕಾಯಿತು.

ನಿಯಮದ ಕಠೋರತೆ ನಿಜವಾಗಿ ಬೆಳಕಿಗೆ ಬಂದುದು 1972ರ ಮ್ಯೂನಿಕ್‌ನಲ್ಲಿ. ಅಮೆರಿಕದ ರಿಕ್ ಡೆಮಾಂಟ್ ಎಂಬ 16 ವರ್ಷದ ಹುಡುಗ 400 ಮೀಟರ್ ಫ್ರೀಸ್ಟೈಲ್ ಈಜಿನಲ್ಲಿ ಆಸ್ಟ್ರೇಲಿಯದ ಬ್ರಾಡ್ ಕೂಪರನನ್ನು ಸೆಕೆಂಡಿನ ನೂರನೆಯ ಒಂದು ಭಾಗದ ಅಂತರದಿಂದ ಸೋಲಿಸಿ ಚಿನ್ನ ಗೆದ್ದನು. ಹುಡುಗನಿಗೆ ಬಾಲ್ಯದಿಂದಲೂ ಉಬ್ಬಸ. ಅದಕ್ಕಾಗಿ ವೈದ್ಯರ ಸಲಹೆಯಂತೆ ಸೇವಿಸುತ್ತಿದ್ದ ಮಾತ್ರೆಯಲ್ಲಿ ಎಫೆಡ್ರಿನ್ ಇತ್ತು. ಅವನು ಅದನ್ನು ಮರೆಮಾಚಿರಲಿಲ್ಲ. ತನ್ನ ದೇಶದ ಒಲಿಂಪಿಕ್ ಸಮಿತಿಗೆ ಕೊಟ್ಟ ಫಾರಮಿನಲ್ಲಿ ಔಷಧಿಗಳ ಹೆಸರನ್ನು ಬರೆದೇ ಇದ್ದನು. ಆ ಮಾಹಿತಿಯನ್ನು ಅಂತಾರಾಷ್ಟ್ರೀಯ ಸಮಿತಿಯ ವೈದ್ಯರ ಗಮನಕ್ಕೆ ತರಬೇಕಾದವರು ತರಲಿಲ್ಲ. ಪರಿಣಾಮ: ಪದಕ ಹೋಯಿತು, 1500 ಮೀಟರ್ ಸ್ಪರ್ಧೆಗೆ ಇಳಿಯಲೂ ಬಿಡಲಿಲ್ಲ. ಮರುವರ್ಷ ಬೆಲ್‌ಗ್ರೇಡ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವನು ಅದೇ 400 ಮೀಟರನ್ನು ನಾಲ್ಕು ನಿಮಿಷದೊಳಗೆ ಮುಗಿಸಿದನು. ಅದುವರೆಗೆ ಯಾರೂ ಆ ಸಾಧನೆ ಮಾಡಿರಲಿಲ್ಲ. ತಪ್ಪು ಹುಡುಗನದಲ್ಲವೆಂದು ಅಮೆರಿಕದ ಸಮಿತಿ ಒಪ್ಪಿಕೊಂಡುದು 2001ರಲ್ಲಿ, 29 ವರ್ಷಗಳ ಬಳಿಕ. ಗುಮಾಸ್ತನ ಮೇಜಿನ ಮೇಲೆ ಉಳಿದುಹೋದ ಒಂದು ಕಾಗದ ಎಷ್ಟು ದುಬಾರಿಯಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹಾಗಾದರೆ ಇಂಥ ನಿಯಮವನ್ನು ಏಕೆ ಇಟ್ಟುಕೊಳ್ಳಬೇಕು? ಸಮರ್ಥಕರ ವಾದ ತೂಕವುಳ್ಳದ್ದೇ ಆಗಿದೆ. ಮನಸ್ಸಿನೊಳಗಿನ ಉದ್ದೇಶವನ್ನು ಪ್ರಯೋಗಾಲಯ ಅಳೆಯಲಾರದು. ತಿಳಿಯದೆ ಸೇವಿಸಿದೆನೆಂಬ ಮಾತನ್ನು ಮೋಸಗಾರನೂ ಹೇಳುತ್ತಾನೆ, ಮುಗ್ಧನೂ ಹೇಳುತ್ತಾನೆ. ಪ್ರತಿಯೊಂದು ಪ್ರಕರಣದಲ್ಲಿಯೂ ದುರುದ್ದೇಶವನ್ನು ರುಜುವಾತುಪಡಿಸಲು ಹೊರಟರೆ ಕ್ರೀಡಾ ಸಂಸ್ಥೆಗಳ ಬೊಕ್ಕಸ ಬರಿದಾಗುವುದು, ಶಿಕ್ಷೆ ಮಾತ್ರ ಯಾರಿಗೂ ಆಗದು. ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತುಂಟು. ಪಕ್ಕದ ಸಾಲಿನಲ್ಲಿ ಓಡಿದವನ ಹಕ್ಕು ಏನಾಗಬೇಕು? ಮೊದಲಿಗನು ಅರಿಯದೆಯೇ ಮದ್ದು ಸೇವಿಸಿದ್ದರೂ ಎರಡನೆಯವನಿಗೆ ಆದ ನಷ್ಟ ನಷ್ಟವೇ. ಆದುದರಿಂದ ಆ ದಿನದ ಫಲಿತಾಂಶವನ್ನು ರದ್ದುಪಡಿಸುವುದರಲ್ಲಿ ಅನ್ಯಾಯವಿಲ್ಲವೆಂದೇ ಹೇಳಬೇಕು. ಫಲಿತಾಂಶವನ್ನು ಕಳೆದುಕೊಳ್ಳುವುದು ಬೇರೆ, ವರ್ಷಗಟ್ಟಲೆ ಬಹಿಷ್ಕಾರಕ್ಕೊಳಗಾಗಿ ಮೋಸಗಾರನೆಂಬ ಹೆಸರನ್ನು ಹೊರುವುದು ಬೇರೆ. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದುದೇ ಆರಂಭದ ನಿಯಮಗಳ ದೊಡ್ಡ ದೋಷ.

1984ರಲ್ಲಿ ಸ್ವಿಟ್ಜರ್ಲೆಂಡಿನ ಲೌಸಾನ್ ನಗರದಲ್ಲಿ ಕ್ರೀಡಾ ನ್ಯಾಯ ಮಂಡಳಿ ಸ್ಥಾಪಿತವಾಯಿತು. ಅದು ಒಲಿಂಪಿಕ್ ಸಮಿತಿಯ ಹಣದಿಂದಲೇ ನಡೆಯುತ್ತಿತ್ತು. ನ್ಯಾಯ ಹೇಳುವವನು ಕಕ್ಷಿದಾರನ ಸಂಬಳದಲ್ಲಿರುವುದನ್ನು ಸ್ವಿಸ್ ಸರ್ವೋಚ್ಚ ನ್ಯಾಯಾಲಯ 1993ರಲ್ಲಿ, ಗುಂಡೆಲ್ ಎಂಬ ಕುದುರೆ ಸವಾರನ ಮೊಕದ್ದಮೆಯಲ್ಲಿ ಎತ್ತಿ ತೋರಿಸಿತು. ಮರುವರ್ಷ ಮಂಡಳಿಯ ಆಡಳಿತ ಪ್ರತ್ಯೇಕ ಸಂಸ್ಥೆಯೊಂದರ ಕೈಗೆ ಹೋಯಿತು.

ಇದೇ ಮಂಡಳಿಯ ಮುಂದೆ ಬಂದ ಕ್ವಿಗ್ಲಿ ಪ್ರಕರಣವನ್ನು ಕ್ರೀಡಾ ಕಾನೂನಿನ ಅಭ್ಯಾಸಿಗಳು ಇಂದಿಗೂ ನೆನೆಯುತ್ತಾರೆ. ಅಮೆರಿಕದ ಬಂದೂಕು ಗುರಿಕಾರ ಕ್ವಿಗ್ಲಿ 1994ರಲ್ಲಿ ಕೈರೋದಲ್ಲಿ ಅಸ್ವಸ್ಥನಾಗಿ ಅಲ್ಲಿನ ವೈದ್ಯರು ಬರೆದುಕೊಟ್ಟ ಔಷಧಿಯನ್ನು ಸೇವಿಸಿದನು. ಅದರಲ್ಲಿಯೂ ಎಫೆಡ್ರಿನ್ ಇತ್ತು. ಗುರಿ ಸ್ಪರ್ಧೆಗಳ ಅಂತಾರಾಷ್ಟ್ರೀಯ ಒಕ್ಕೂಟ ಅವನನ್ನು ದಂಡಿಸಿತು. 1995ರ ತೀರ್ಪಿನಲ್ಲಿ ಮಂಡಳಿ ಎರಡು ಮಾತುಗಳನ್ನು ಹೇಳಿತು. ಕಟ್ಟುನಿಟ್ಟಿನ ಹೊಣೆಯ ತತ್ತ್ವ ಕಾನೂನಿಗೆ ವಿರುದ್ಧವಲ್ಲ. ಆದರೆ ಒಕ್ಕೂಟದ ಬರೆದ ನಿಯಮ ಆ ತತ್ತ್ವವನ್ನು ಸ್ಪಷ್ಟವಾಗಿ ಹೇಳಿರಲಿಲ್ಲ. ಹೇಳದ ನಿಯಮವನ್ನು ಆಟಗಾರನ ಮೇಲೆ ಹೇರಲಾಗದು. ಕಠಿಣ ನಿಯಮಗಳನ್ನು ಮಾಡುವವರು ಮೊದಲು ತಮ್ಮ ವಿಷಯದಲ್ಲಿ ಕಠಿಣರಾಗಿರಬೇಕೆಂಬ ಅರ್ಥದ ಮಾತೂ ಆ ತೀರ್ಪಿನಲ್ಲಿದೆ. ದಂಡನೆ ರದ್ದಾಯಿತು.

ಈ ಚರ್ಚೆಯ ಎರಡು ಮುಖಗಳು ಒಂದೇ ವರ್ಷದಲ್ಲಿ ಪ್ರಕಟವಾದವು. 2000ದ ಜುಲೈನಲ್ಲಿ ಬರ್ಲಿನ್ ನ್ಯಾಯಾಲಯ ಹಿಂದಿನ ಪೂರ್ವ ಜರ್ಮನಿಯ ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್ ಮತ್ತು ಕ್ರೀಡಾ ವೈದ್ಯ ಮಾನ್‌ಫ್ರೆಡ್ ಹೊಪ್ನರ್ ಅವರನ್ನು ಅಪರಾಧಿಗಳೆಂದು ಘೋಷಿಸಿತು. ಆ ದೇಶದಲ್ಲಿ 1974ರಿಂದ 14.25 ಎಂಬ ಗುಪ್ತ ಸಂಖ್ಯೆಯ ಸರ್ಕಾರಿ ಯೋಜನೆಯಡಿ ಕ್ರೀಡಾಪಟುಗಳಿಗೆ ಹಾರ್ಮೋನು ಮಾತ್ರೆಗಳನ್ನು ಕೊಡಲಾಗುತ್ತಿತ್ತು. ಹದಿವಯಸ್ಸಿನ ಹೆಣ್ಣುಮಕ್ಕಳು ಆ ನೀಲಿ ಮಾತ್ರೆಗಳನ್ನು ಜೀವಸತ್ತ್ವವೆಂದು ನಂಬಿ ನುಂಗಿದರು. ಧ್ವನಿ ಗಡುಸಾಯಿತು, ಹಲವರ ಯಕೃತ್ತು, ಗರ್ಭಕೋಶಗಳು ಹಾಳಾದವು. ಅವರಲ್ಲಿ ಬಹುತೇಕರು ಅಂತಾರಾಷ್ಟ್ರೀಯ ಪರೀಕ್ಷೆಗಳಲ್ಲಿ ಸಿಕ್ಕಿಬೀಳದಿರಲು ಕಾರಣ, ದೇಶ ಬಿಡುವ ಮುನ್ನವೇ ಕ್ರೈಷಾದ ಪ್ರಯೋಗಾಲಯದಲ್ಲಿ ಮೂತ್ರದ ಮಾದರಿಯನ್ನು ಪರೀಕ್ಷಿಸಿ, ಕುರುಹು ಉಳಿದವರನ್ನು ಕಳುಹಿಸದೆ ನಿಲ್ಲಿಸಲಾಗುತ್ತಿತ್ತು. ಆ ಪ್ರಯೋಗಾಲಯಕ್ಕೆ ಒಲಿಂಪಿಕ್ ಸಮಿತಿಯ ಮಾನ್ಯತೆಯೂ ಇತ್ತು! ಬೇಲಿಯೇ ಎದ್ದು ಹೊಲ ಮೇಯ್ದ ಕಥೆಯಿದು. ಗೋಡೆ ಉರುಳಿದ ಮೇಲೆ ವಿಜ್ಞಾನಿ ವರ್ನರ್ ಫ್ರಾಂಕೆ ಮತ್ತು ಅವರ ಪತ್ನಿ, ಚಕ್ರ ಎಸೆತದ ಪಟು ಬ್ರಿಗಿಟ್ಟೆ ಬೆರೆಂಡೊಂಕ್ ಮೂಲ ಕಡತಗಳನ್ನು ಕಾಪಾಡಿ ಹೊರತಂದುದರಿಂದ ಸತ್ಯ ತಿಳಿಯಿತು. ಎವಾಲ್ಡ್‌ಗೆ 22 ತಿಂಗಳು, ಹೊಪ್ನರ್‌ಗೆ 18 ತಿಂಗಳು ಸೆರೆವಾಸ ವಿಧಿಸಲ್ಪಟ್ಟಿತಾದರೂ ಎರಡೂ ಅಮಾನತಿನಲ್ಲಿಟ್ಟ ಶಿಕ್ಷೆಗಳು. ಇಬ್ಬರೂ ಜೈಲು ಕಾಣಲಿಲ್ಲ.

ಎರಡು ತಿಂಗಳ ನಂತರ ಸಿಡ್ನಿ ಒಲಿಂಪಿಕ್ಸ್. ರುಮೇನಿಯದ ಆಂಡ್ರಿಯಾ ರಡುಕಾನ್ ಎಂಬ 16ರ ಬಾಲೆ ಸೆಪ್ಟೆಂಬರ್ 21ರಂದು ಜಿಮ್ನಾಸ್ಟಿಕ್ಸ್‌ನ ಸಮಗ್ರ ವಿಭಾಗದಲ್ಲಿ ಚಿನ್ನ ಗೆದ್ದಳು. ಆಕೆಯ ತೂಕ ಸುಮಾರು 37 ಕಿಲೋ. ನೆಗಡಿ ಬಂದಿದ್ದ ಕಾರಣ ತಂಡದ ವೈದ್ಯರು ಔಷಧಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ನ್ಯೂರೋಫೆನ್ ನೆಗಡಿ ಮಾತ್ರೆಯನ್ನು ಕೊಟ್ಟಿದ್ದರು. ಅದರಲ್ಲಿದ್ದ ಸ್ಯೂಡೋಎಫೆಡ್ರಿನ್ ಅಂದಿನ ನಿಷಿದ್ಧ ಪಟ್ಟಿಯಲ್ಲಿತ್ತು. ಪದಕ ಕಿತ್ತುಕೊಳ್ಳಲಾಯಿತು. ಮೇಲ್ಮನವಿಯನ್ನು ಕ್ರೀಡಾ ನ್ಯಾಯ ಮಂಡಳಿಯ ತಾತ್ಕಾಲಿಕ ಪೀಠ ಸೆಪ್ಟೆಂಬರ್ 28ರಂದು ತಳ್ಳಿಹಾಕಿತು. ತೀರ್ಪು ಆ ಎಳೆಯಳಿಗಾಗುವ ಆಘಾತವನ್ನು ಮರೆಯಲಿಲ್ಲ. ಆದರೂ ಮದ್ದಿಲ್ಲದ ಕ್ರೀಡೆಯ ಹಿತದೊಡನೆ ತೂಗಿದಾಗ ನಿಯಮ ರಾಜಿಯಿಲ್ಲದೆ ಜಾರಿಯಾಗಬೇಕೆಂದಿತು. ಮಾತ್ರೆಯಿಂದ ಲಾಭವಾಯಿತೇ ಇಲ್ಲವೇ ಎಂಬುದು ನಿಯಮದ ದೃಷ್ಟಿಯಲ್ಲಿ ಅಪ್ರಸ್ತುತ. ಡಿಸೆಂಬರಿನಲ್ಲಿ ಸ್ವಿಸ್ ನ್ಯಾಯಾಲಯವೂ ಮಧ್ಯೆ ಪ್ರವೇಶಿಸಲು ನಿರಾಕರಿಸಿತು. ಮಾತ್ರೆ ಕೊಟ್ಟ ವೈದ್ಯರನ್ನು ಮುಂದಿನ ಎರಡು ಒಲಿಂಪಿಕ್ಸ್‌ಗಳಿಂದ ಹೊರಗಿಡಲಾಯಿತು. ಬಾಲಕಿಗೆ ಸ್ಪರ್ಧಾ ನಿಷೇಧ ವಿಧಿಸಲಿಲ್ಲ. ತಂಡದ ಚಿನ್ನ, ವಾಲ್ಟ್ ವಿಭಾಗದ ಬೆಳ್ಳಿ ಆಕೆಯಲ್ಲಿಯೇ ಉಳಿದವು. ಮರುವರ್ಷ ಗೆಂಟ್ ನಗರದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಕೆ ಮತ್ತೆ ಚಿನ್ನ ಗೆದ್ದಳು.

ಬರ್ಲಿನ್ ಮತ್ತು ಸಿಡ್ನಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದು ಕಡೆ ಇಡೀ ಸರ್ಕಾರವೇ ಯೋಜಿಸಿದ ಮೋಸವನ್ನು ಮೂತ್ರದ ಶೀಶೆ ಹಿಡಿಯಲಿಲ್ಲ; ಹಿಡಿದುದು ಕಡತಗಳು ಮತ್ತು ಸಾಕ್ಷಿಗಳು. ಇನ್ನೊಂದು ಕಡೆ ನೆಗಡಿಯ ಮಾತ್ರೆಯನ್ನು ಶೀಶೆ ತಪ್ಪದೆ ಹಿಡಿಯಿತು.

1999ರ ನವೆಂಬರಿನಲ್ಲಿ ಹುಟ್ಟಿದ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, 2004ರಿಂದ ಜಾರಿಗೆ ಬಂದ ತನ್ನ ಸಂಹಿತೆಯಲ್ಲಿ ಆ ಹಳೆಯ ಗಂಟನ್ನು ಸ್ವಲ್ಪ ಬಿಚ್ಚಿತು. ಸ್ಪರ್ಧೆಯ ಫಲಿತಾಂಶ ತಾನಾಗಿಯೇ ರದ್ದಾಗುವುದು. ನಿಷೇಧದ ಅವಧಿಯನ್ನು ಮಾತ್ರ ದೋಷದ ಪ್ರಮಾಣ ನೋಡಿ ಇಳಿಸಬಹುದು, ದೋಷವೇ ಇಲ್ಲದಿದ್ದರೆ ಪೂರ್ತಿಯಾಗಿ ಬಿಡಬಹುದು. ರೋಗಿಗಳಾದ ಕ್ರೀಡಾಪಟುಗಳು ಮೊದಲೇ ಅನುಮತಿ ಪಡೆದು ಔಷಧಿ ಸೇವಿಸುವ ವ್ಯವಸ್ಥೆಯೂ ಗಟ್ಟಿಯಾಯಿತು. ಆದರೆ ವಸ್ತು ದೇಹಕ್ಕೆ ಹೇಗೆ ಬಂದಿತೆಂದು ತೋರಿಸುವ ಹೊರೆ ಆಟಗಾರನ ತಲೆಯ ಮೇಲೆಯೇ ಇದೆ. ಈ ಹೊರೆ ಎಷ್ಟು ಭಾರವೆಂಬುದನ್ನು ಭಾರತವೂ ಕಂಡಿದೆ.

2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಹಿಳೆಯರ 4×400 ಮೀಟರ್ ರಿಲೇ ಚಿನ್ನ ತಂದ ನಾಲ್ವರಲ್ಲಿ ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ಒಬ್ಬರು. ಮುಂದಿನ ತಿಂಗಳು ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅವರು 400 ಮೀಟರ್ ಹರ್ಡಲ್ಸ್ ಚಿನ್ನವನ್ನೂ ಗೆದ್ದರು. 2011ರ ಬೇಸಿಗೆಯ ಪರೀಕ್ಷೆಗಳಲ್ಲಿ ಅವರೂ ಇನ್ನು ಕೆಲವು ಓಟಗಾರ್ತಿಯರೂ ಅನಾಬಾಲಿಕ್ ಸ್ಟೆರಾಯ್ಡ್ ಸೇವಿಸಿರುವುದು ಕಂಡುಬಂದಿತು. ಉಕ್ರೇನಿನ ತರಬೇತುದಾರ ಯೂರಿ ಒಗೊರೊಡ್ನಿಕ್ ಕೊಟ್ಟ ಜಿನ್ಸೆಂಗ್ ಮಾತ್ರೆಗಳಲ್ಲಿ ಆ ವಸ್ತು ಬೆರೆತಿತ್ತೆಂದು ಅವರು ವಾದಿಸಿದರು. ತರಬೇತುದಾರನನ್ನು ಸರ್ಕಾರ ವಜಾ ಮಾಡಿತು; ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರಿಂದ ವಿಚಾರಣೆಯೂ ನಡೆಯಿತು. ರಾಷ್ಟ್ರೀಯ ಶಿಸ್ತು ಮಂಡಳಿ 2011ರ ಡಿಸೆಂಬರಿನಲ್ಲಿ ಅವರ ದೋಷ ಗುರುತರವಾದುದಲ್ಲವೆಂದು ಒಂದು ವರ್ಷದ ನಿಷೇಧ ವಿಧಿಸಿತು. ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಇದನ್ನು ಒಪ್ಪದೆ ಲೌಸಾನ್‌ಗೆ ಹೋಯಿತು. 2012ರ ಜುಲೈನಲ್ಲಿ ನಿಷೇಧ ಎರಡು ವರ್ಷಕ್ಕೇರಿತು. ಅನುಭವಿ ಕ್ರೀಡಾಪಟುಗಳು ತರಬೇತುದಾರ ಕೊಟ್ಟನೆಂಬ ಒಂದೇ ಕಾರಣಕ್ಕೆ, ವಿಚಾರಿಸದೆ, ವೈದ್ಯರನ್ನು ಕೇಳದೆ ಸೇವಿಸಿದುದು ಅಲಕ್ಷ್ಯವೇ ಎಂಬುದು ಮಂಡಳಿಯ ನಿಲುವು.

ಈ ನಿಲುವು ತರ್ಕಕ್ಕೆ ಸರಿ. ಆದರೆ ಶಿಬಿರದೊಳಗೆ ಬದುಕುವ, ಹಳ್ಳಿಯಿಂದ ಬಂದ ತರುಣಿ ತನ್ನ ಆಯ್ಕೆ, ಊಟ, ಅಭ್ಯಾಸ ಎಲ್ಲಕ್ಕೂ ಅವಲಂಬಿಸಿರುವ ಗುರುವಿನ ಕೈಯ ಮಾತ್ರೆಯನ್ನು ಪ್ರಶ್ನಿಸುವುದು ಕಾಗದದ ಮೇಲೆ ಸುಲಭ. ಅಂಗಡಿಕಾರನಿಗೆ ಸಿಕ್ಕ ವಾರಂಟಿಯ ಆಶ್ರಯ ಅವಳಿಗೆ ಸಿಗದು. ಕೊಟ್ಟವನು ಕ್ರೀಡಾ ಆಡಳಿತವೇ ನೇಮಿಸಿದವನಾಗಿದ್ದರೂ ಸಿಗದು. ಇಲ್ಲಿ ಹಳೆಯ ಕಲಬೆರಕೆ ಕಾಯಿದೆಯೇ ಹೆಚ್ಚು ವಿವೇಕಯುತವೆನಿಸಿದರೆ ಆಶ್ಚರ್ಯವಿಲ್ಲ.

ಅನಂತರದ ಬದಲಾವಣೆಗಳು ಮಿಶ್ರ ಸ್ವರೂಪದವು. 2015ರ ಸಂಹಿತೆ ಉದ್ದೇಶಪೂರ್ವಕ ಸೇವನೆಯ ನಿಷೇಧವನ್ನು ನಾಲ್ಕು ವರ್ಷಕ್ಕೆ ಏರಿಸಿತು. ಲೇಬಲ್ಲಿನಲ್ಲಿ ನಮೂದಿಸದ ವಸ್ತು ಬೆರೆತ ಸರಕಿನಿಂದ ತೊಂದರೆಗೊಳಗಾದವರಿಗೆ ಎಚ್ಚರಿಕೆಯಷ್ಟೇ ಕೊಟ್ಟು ಬಿಡಲೂ ಅವಕಾಶ ಕಲ್ಪಿಸಿತು. ಭಾರತದಲ್ಲಿ ನಾಡಾ ಸಂಸ್ಥೆಗೂ ಶಿಸ್ತು ಮತ್ತು ಮೇಲ್ಮನವಿ ಮಂಡಳಿಗಳಿಗೂ 2022ರಲ್ಲಿ ಸಂಸತ್ತಿನ ಕಾಯಿದೆಯ ಆಧಾರ ದೊರೆಯಿತು. 2021ರ ಸಂಹಿತೆ 16 ತುಂಬದವರನ್ನು ರಕ್ಷಿತ ವ್ಯಕ್ತಿಗಳೆಂದು ಕರೆಯುತ್ತದೆ. 16ರಿಂದ 18ರ ನಡುವಿನವರಿಗೂ ಆ ರಕ್ಷಣೆಯುಂಟು, ಆದರೆ ಅವರು ಮುಕ್ತ ವಿಭಾಗದ ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಭಾಗವಹಿಸಿರಬಾರದು. ಡೆಮಾಂಟ್ ಆಗಲಿ ರಡುಕಾನ್ ಆಗಲಿ ಇಂದು ಸ್ಪರ್ಧಿಸಿದರೂ ಆ ಸಾಲಿಗೆ ಸೇರಲಾರರು.

ಸ್ಯೂಡೋಎಫೆಡ್ರಿನ್‌ನ ಕಥೆ ಇನ್ನೂ ವಿಚಿತ್ರ. 2004ರಲ್ಲಿ ಅದನ್ನು ನಿಷಿದ್ಧ ಪಟ್ಟಿಯಿಂದಲೇ ತೆಗೆದುಹಾಕಲಾಯಿತು. 2010ರಲ್ಲಿ ಮರಳಿ ಸೇರಿಸುವಾಗ ಮಿಲಿಲೀಟರಿಗೆ 150 ಮೈಕ್ರೋಗ್ರಾಂ ಮೀರಿದರೆ ಮಾತ್ರ ಎಂಬ ಮಿತಿ ಹಾಕಲಾಯಿತು. ಮ್ಯೂನಿಕ್‌ನ ಚಿನ್ನ ದಾಖಲೆಯಲ್ಲಿ ಬ್ರಾಡ್ ಕೂಪರನ ಹೆಸರಿನಲ್ಲಿಯೂ ಸಿಡ್ನಿಯ ಚಿನ್ನ ರಡುಕಾನಳ ತಂಡದವಳೇ ಆದ ಸಿಮೋನಾ ಅಮನಾರಳ ಹೆಸರಿನಲ್ಲಿಯೂ ಇಂದಿಗೂ ಇವೆ.