ವೆಬ್ ಫೀಡ್

ವೆಬ್ ಫೀಡ್ ಎಂಬುದು ಜಾಲತಾಣವೊಂದರಲ್ಲಿ ಹೊಸದಾಗಿ ಪ್ರಕಟವಾದ ಬರಹಗಳ ಶೀರ್ಷಿಕೆ, ಕೊಂಡಿ, ದಿನಾಂಕ ಹಾಗೂ ಸಾರಾಂಶಗಳನ್ನು ಗಣಕಯಂತ್ರವು ಓದಬಲ್ಲ ನಿಶ್ಚಿತ ಕ್ರಮದಲ್ಲಿ ಒದಗಿಸುವ ಕಡತ. ಇದರ ನೆರವಿನಿಂದ ಓದುಗನು ಹಲವು ತಾಣಗಳಿಗೆ ಪ್ರತಿದಿನ ಭೇಟಿ ನೀಡದೆಯೇ ಅವುಗಳ ಹೊಸ ಮಾಹಿತಿಯನ್ನು ಒಂದೆಡೆ ಪಡೆಯಬಹುದು. ಆರ್‌ಎಸ್‌ಎಸ್ ಮತ್ತು ಆಟಮ್ ಇದರ ಎರಡು ಪ್ರಮುಖ ಮಾದರಿಗಳು. ಈ ಆರ್‌ಎಸ್‌ಎಸ್‌ಗೂ ಅದೇ ಹೆಸರಿನ ಸಂಘಟನೆಗೂ ಸಂಬಂಧವಿಲ್ಲ.

ಕಾರ್ಯವಿಧಾನ

ಫೀಡ್ ಕಡತವನ್ನು ಸಾಮಾನ್ಯವಾಗಿ ಎಕ್ಸ್‌ಎಂಎಲ್ ಭಾಷೆಯಲ್ಲಿ ರಚಿಸಲಾಗುತ್ತದೆ. ತಾಣದಲ್ಲಿ ಹೊಸ ಬರಹ ಸೇರಿದಾಗ ಈ ಕಡತವೂ ತಾನಾಗಿಯೇ ಪರಿಷ್ಕೃತವಾಗುತ್ತದೆ. ಓದುಗನ ಬಳಿಯಿರುವ ಫೀಡ್ ರೀಡರ್ ತಂತ್ರಾಂಶವು ನಿಗದಿತ ಅವಧಿಗೊಮ್ಮೆ ಅದನ್ನು ಪರೀಕ್ಷಿಸಿ, ಹೊಸತನ್ನು ಮಾತ್ರ ಆಯ್ದು ತೋರಿಸುತ್ತದೆ. ಮನೆಗೆ ಪತ್ರಿಕೆ ತಂದುಹಾಕುವ ವ್ಯವಸ್ಥೆಗಿಂತ, ಕಚೇರಿಯ ಸೂಚನಾ ಫಲಕವನ್ನು ನೋಡಿಬರಲು ಆಗಾಗ ಒಬ್ಬರನ್ನು ಕಳುಹಿಸುವುದಕ್ಕೆ ಇದು ಹೆಚ್ಚು ಹತ್ತಿರವಾದುದು. ‘ಚಂದಾದಾರಿಕೆ’ ಎಂಬ ಪದ ಬಳಕೆಯಲ್ಲಿದ್ದರೂ ಸಾಮಾನ್ಯವಾಗಿ ಹಣ ಕೊಡಬೇಕಾಗಿಲ್ಲ; ತಾಣಕ್ಕೆ ಹೆಸರು, ಇ-ಅಂಚೆ ವಿಳಾಸ ಅಥವಾ ದೂರವಾಣಿ ಸಂಖ್ಯೆಯನ್ನು ತಿಳಿಸುವ ಅಗತ್ಯವೂ ಇಲ್ಲ.

ಇತಿಹಾಸ

ಆರ್‌ಎಸ್‌ಎಸ್‌ನ ಮೊದಲ ಆವೃತ್ತಿಯನ್ನು 1999ರ ಮಾರ್ಚ್‌ನಲ್ಲಿ ನೆಟ್‌ಸ್ಕೇಪ್ ಸಂಸ್ಥೆ ಹೊರತಂದಿತು. ಭಾರತ ಮೂಲದ ರಾಮನಾಥನ್ ವಿ. ಗುಹಾ ಮತ್ತು ಡ್ಯಾನ್ ಲಿಬ್ಬಿ ಅದರ ರೂವಾರಿಗಳು. 2002ರಲ್ಲಿ ಡೇವ್ ವೈನರ್ ಆರ್‌ಎಸ್‌ಎಸ್ 2.0 ಆವೃತ್ತಿಯನ್ನು ಪ್ರಕಟಿಸಿದರು. 2005ರ ಡಿಸೆಂಬರ್‌ನಲ್ಲಿ ಆಟಮ್ ಅಂತರಜಾಲದ ಪ್ರಸ್ತಾವಿತ ಮಾನಕವಾಗಿ ಪ್ರಕಟವಾಯಿತು. ಅದೇ ವರ್ಷ ಆರಂಭವಾದ ಗೂಗಲ್ ರೀಡರ್ ಬಹಳ ಜನಪ್ರಿಯವಾಗಿತ್ತು. 2013ರ ಜುಲೈ 1ರಂದು ಅದನ್ನು ಮುಚ್ಚಲಾಯಿತು. ಸಾಮಾಜಿಕ ಜಾಲತಾಣಗಳು ಬೆಳೆದಂತೆ ಫೀಡ್‌ಗಳ ನೇರ ಬಳಕೆ ತಗ್ಗಿತು. ಆದರೂ ಪಾಡ್‌ಕಾಸ್ಟ್‌ಗಳ ವಿತರಣೆ ಇಂದಿಗೂ ಆರ್‌ಎಸ್‌ಎಸ್ ಅನ್ನೇ ಅವಲಂಬಿಸಿದೆ.

ಕನ್ನಡದಲ್ಲಿ ಫೀಡ್

ಕನ್ನಡದ ಹಲವು ತಾಣಗಳು ಮೊದಲಿಗೆ ಯೂನಿಕೋಡ್ ಅಲ್ಲದ ಫಾಂಟ್‌ಗಳನ್ನು ಬಳಸುತ್ತಿದ್ದವು. ಅಂತಹ ಪಠ್ಯವು ಆಯಾ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿದ್ದುದರಿಂದ ಫೀಡ್‌ಗೆ ಒಗ್ಗುತ್ತಿರಲಿಲ್ಲ. ಯೂನಿಕೋಡ್ ಬಳಕೆ ವ್ಯಾಪಕವಾದ ಬಳಿಕ ಈ ತೊಡಕು ನಿವಾರಣೆಯಾಯಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಇತ್ತೀಚಿನ ಬದಲಾವಣೆಗಳಿಗೂ ಪ್ರತಿಯೊಂದು ಪುಟದ ಇತಿಹಾಸಕ್ಕೂ ಆಟಮ್ ಫೀಡ್ ಲಭ್ಯವಿದೆ. ‘ಬಳ್ಳಾರಿ’ ಲೇಖನದಲ್ಲಿ ಯಾರು ಏನನ್ನು ತಿದ್ದಿದರು ಎಂಬುದನ್ನು ಈ ರೀತಿ ಗಮನಿಸುತ್ತಿರಬಹುದು.

ಚಂದಾದಾರರಾಗುವ ವಿಧಾನ

1. ಫೀಡ್ಲಿ, ಇನೋರೀಡರ್, ಥಂಡರ್‌ಬರ್ಡ್ ಮೊದಲಾದ ಯಾವುದಾದರೊಂದು ಫೀಡ್ ರೀಡರನ್ನು ಆರಿಸಿಕೊಳ್ಳುವುದು.
2. ತಾಣದಲ್ಲಿ ಕಿತ್ತಳೆ ಬಣ್ಣದ ಫೀಡ್ ಚಿಹ್ನೆಯನ್ನು ಅಥವಾ ‘ಆರ್‌ಎಸ್‌ಎಸ್’ ಎಂಬ ಕೊಂಡಿಯನ್ನು ಹುಡುಕುವುದು.
3. ಆ ಕೊಂಡಿಯ ವಿಳಾಸವನ್ನು ನಕಲಿಸಿ ರೀಡರ್‌ಗೆ ಸೇರಿಸುವುದು. ಕೊಂಡಿ ಕಾಣದಿದ್ದರೆ ತಾಣದ ವಿಳಾಸವನ್ನೇ ನೀಡಬಹುದು. ಅನೇಕ ರೀಡರ್‌ಗಳು ಫೀಡನ್ನು ತಾವೇ ಪತ್ತೆಹಚ್ಚುತ್ತವೆ.
4. ಚಂದಾದಾರಿಕೆಗಳ ಪಟ್ಟಿಯನ್ನು ಒಪಿಎಂಎಲ್ ಕಡತವಾಗಿ ಉಳಿಸಿಕೊಳ್ಳುವುದು. ಮುಂದೆ ರೀಡರನ್ನು ಬದಲಿಸಬೇಕಾದಾಗ ಇದು ನೆರವಿಗೆ ಬರುತ್ತದೆ.

ಸ್ಥಳೀಯ ಉಪಯೋಗ: ಬಳ್ಳಾರಿ ಜಿಲ್ಲೆಯ ನಿದರ್ಶನ

ಬಳ್ಳಾರಿ, ಕುರುಗೋಡು ಹಾಗೂ ಸಿರುಗುಪ್ಪ ಭಾಗದ ರೈತರಿಗೆ ತುಂಗಭದ್ರೆಯ ನೀರೇ ಆಧಾರ. ಆದರೆ ಆ ನೀರಿನ ಸುದ್ದಿ ಒಂದೇ ಕಡೆ ದೊರೆಯುವುದಿಲ್ಲ. ಮಳೆ ಸುರಿಯುವುದು ಮಲೆನಾಡಿನಲ್ಲಿ. ಜಲಾಶಯವಿರುವುದು ಹೊಸಪೇಟೆಯ ಬಳಿ, 2021ರಿಂದ ಪ್ರತ್ಯೇಕವಾದ ವಿಜಯನಗರ ಜಿಲ್ಲೆಯಲ್ಲಿ. ಪ್ರವಾಹದ ಭೀತಿ ಕೆಳಹರಿವಿನ ಕಂಪ್ಲಿ, ಸಿರುಗುಪ್ಪಗಳ ನದಿದಡದ ಊರುಗಳಿಗೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಕ್ರಸ್ಟ್‌ಗೇಟ್‌ನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಒತ್ತಡ ತಗ್ಗಿಸಲು ಇತರ ಗೇಟುಗಳನ್ನೂ ತೆರೆದು ನದಿಗೆ ಭಾರಿ ಪ್ರಮಾಣದ ನೀರನ್ನು ಹರಿಸಲಾಯಿತು. ನದಿಪಾತ್ರದ ಜನ ಪ್ರವಾಹದ ಆತಂಕದಲ್ಲಿದ್ದರೆ, ಕಾಲುವೆ ನೀರನ್ನು ನಂಬಿ ಭತ್ತ ಬೆಳೆಯುವವರಿಗೆ ಸಂಗ್ರಹವೇ ಬರಿದಾಗುವ ಚಿಂತೆ ಎದುರಾಯಿತು. ಇಂತಹ ವೇಳೆ ಹಲವು ಮೂಲಗಳ ವರದಿಗಳನ್ನು ದಿನಾಂಕ, ಸಮಯಗಳೊಡನೆ ಅಕ್ಕಪಕ್ಕ ಇಟ್ಟು ನೋಡಲು ಫೀಡ್ ಸಹಾಯಕ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ತಾಣವು ಮಳೆ, ಸಿಡಿಲು, ಪ್ರವಾಹಗಳ ಮುನ್ನೆಚ್ಚರಿಕೆಯನ್ನು ಆರ್‌ಎಸ್‌ಎಸ್ ರೂಪದಲ್ಲಿಯೂ ಒದಗಿಸುತ್ತದೆ.

ಇತಿಮಿತಿಗಳು

ರೀಡರ್ ಮುಂದಿನ ಬಾರಿ ಪರೀಕ್ಷಿಸುವವರೆಗೆ ಹೊಸ ಸುದ್ದಿ ಓದುಗನಿಗೆ ಕಾಣಿಸದು. ಆದುದರಿಂದ ತುರ್ತು ಸಂದರ್ಭದಲ್ಲಿ ಫೀಡನ್ನೇ ನೆಚ್ಚಿಕೊಳ್ಳಬಾರದು. ಮೊಬೈಲ್‌ಗೆ ಬರುವ ಎಚ್ಚರಿಕೆ ಸಂದೇಶ ಮತ್ತು ಊರಿನಲ್ಲಿ ಸಾರುವ ಪ್ರಕಟಣೆಗಳಿಗೆ ಇದು ಬದಲಿಯಲ್ಲ. ಎಲ್ಲ ತಾಣಗಳೂ ಫೀಡ್ ನೀಡುವುದಿಲ್ಲ; ಕೆಲವು ಸಾರಾಂಶವನ್ನಷ್ಟೇ ಕೊಡುತ್ತವೆ. ಫೀಡ್ ತಾನು ಹೊತ್ತು ತರುವ ಸುದ್ದಿಯ ಸತ್ಯಾಸತ್ಯವನ್ನು ಪರಿಶೀಲಿಸುವುದಿಲ್ಲ. ಆದ್ದರಿಂದ ನಂಬಲರ್ಹವಾದ ಮೂಲವನ್ನು ಆಯ್ದುಕೊಳ್ಳುವ ಹೊಣೆ ಓದುಗನದೇ ಆಗಿರುತ್ತದೆ.